ಶ್ರೀ ಇಲ್ಲದ ಫ್ಲಾಪಿ

ಅವರು ನನ್ನ ಅಂಗಡಿಗೆ ಮೊದಲ ಸಲ ಬಂದಾಗ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಕುಷ್ಟಗಿಯ ಬಜಾರದಲ್ಲಿ ಎಂಬ್ರಾಯಿಡರಿ ಅಂಗಡಿಗೆ ಹಾಗೆ ಬರುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಗಿರಾಕಿಗಳು ಧೂಳುಗಾಲಲ್ಲೇ ನುಗ್ಗಿ, ಸೀರೆಯನ್ನು ಟೇಬಲ್ಲಿನ ಮೇಲೆ ಒಗೆದು, "ನಾಳಿಗೆ ಬೇಕ್ ನೋಡ್ರಿ" ಅನ್ನುವವರು.

"ಇದೇನ್ ಗುಡಿ ಅಲ್ರಿ, ಹಂಗ ಬರ್ರಿ" ಎಂದೆ.

"ಮಶೀನ್ ಅದಾವಲ್ರಿ ಅಕ್ಕಾರ, ಧೂಳ ಆಗಿ ಬರೂದಿಲ್ಲ" ಎಂದರು.

ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ತಲೆ ಅರ್ಧ ಬೆಳ್ಳಗಾಗಿತ್ತು. ಅಂಥವರು ನನ್ನನ್ನು ಅಕ್ಕಾರ ಅಂದದ್ದಕ್ಕೆ ಸಿಟ್ಟೇ ಬಂತು. ಆಮೇಲೆ ಎಷ್ಟೋ ಸಲ ಹೇಳಿದೆ, ಬೈದೆ, ಅವರು ಬಿಡಲಿಲ್ಲ. ಕಡೆಗೆ ನಾನೇ ಸೋತು ಅವರನ್ನು ಅಣ್ಣಾರ ಅನ್ನಲು ಶುರುಮಾಡಿದೆ. ಅಲ್ಲಿಗೆ ಇಬ್ಬರ ಲೆಕ್ಕವೂ ಸರಿಹೋಯಿತು.

ಅವರು ತೀರಿಕೊಂಡು ಇವತ್ತಿಗೆ ಹದಿನೈದು ದಿನ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರನ್ನು ನಾಲ್ಕು ಜನರ ಮುಂದೆ ಹೊಗಳಿದರೆ ಕಿವಿ ಕೆಂಪಾಗಿ, ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುತ್ತಿದ್ದರು. ಈಗ ಎದ್ದು ಹೋಗಲು ಬಾರದ ಹೊತ್ತಿನಲ್ಲಿ ಹಿಡಿದು ಕೂರಿಸಿ ಹೊಗಳುವುದು ನ್ಯಾಯವಲ್ಲ. ಹೆಸರು ಬೇಕಾದವರಿಗೆ ಅದು ಸಿಗುವ ಜಾಗ ಒಂದಿದೆ, ಮುಂದೆ ಹೇಳುತ್ತೇನೆ.

ಗಿಣಿಗೇರಾದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಅವರ ಕೆಲಸ. ಕುಲುಮೆಯ ಬಿಸಿ ತೋರಿಸುವ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದರು, ಅದಕ್ಕಾಗಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನೂ ಕಲಿತಿದ್ದರು. ಮನೆ ಕೊಪ್ಪಳದಲ್ಲಿ. ಗುರುವಾರ ರಜೆ, ರಜೆಯ ದಿನ ಬಸ್ಸು ಹತ್ತಿ ಕುಷ್ಟಗಿಯಲ್ಲಿದ್ದ ತಮ್ಮ ಅಕ್ಕನ ಮನೆಗೆ ಬರುತ್ತಿದ್ದರು. ಊರೆಲ್ಲ ಕಪ್ಪು ಧೂಳು ಬೀಳುವ ಕಡೆ ದುಡಿಯುವವರ ಮೈಮೇಲೆ ಮಾತ್ರ ಯಾವಾಗಲೂ ಬಿಳಿ ಅಂಗಿ. "ಬ್ಯಾರೆ ಬಣ್ಣ ಸಿಗಲಿಲ್ಲೇನ್ರಿ?" ಎಂದು ಕೇಳಿದರೆ, "ಕರೀದು ಎಲ್ಲಿ ಕುಂತೈತಿ ಅಂತ ಕಾಣಬೇಕಲ್ರಿ" ಎನ್ನುತ್ತಿದ್ದರು. ಕುಲುಮೆಯ ಸದ್ದಿಗೆ ಎಡಗಿವಿ ಮಂದವಾಗಿತ್ತು. ಹಾಗಾಗಿ ಮಾತು ಕೇಳುವಾಗ ಬಲಗಡೆ ವಾಲುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ ಈ ಮನುಷ್ಯ ಪ್ರತಿಯೊಬ್ಬರ ಮಾತಿಗೂ ಇಷ್ಟು ಬಾಗುತ್ತಾನಲ್ಲ ಅಂದುಕೊಳ್ಳಬೇಕು. ಹಾಗೆ ಅಂದುಕೊಂಡರೂ ತಪ್ಪಿಲ್ಲ.

ಅವತ್ತು ಅಕ್ಕನ ಸೀರೆಗೆ ಅಂಚು ಹಾಕಿಸಲು ಬಂದವರ ಕಣ್ಣು ನನ್ನ ಕಪಾಟಿನಲ್ಲಿದ್ದ ಬಿಸ್ಕೀಟಿನ ಡಬ್ಬಿಯ ಮೇಲೆ ಬಿತ್ತು. ಡಬ್ಬಿ ತುಂಬ ಫ್ಲಾಪಿ. ಈಗಿನ ಹುಡುಗರಿಗೆ ಫ್ಲಾಪಿ ಅಂದರೆ ಗೊತ್ತಾಗಲಿಕ್ಕಿಲ್ಲ. ಪೆನ್‌ಡ್ರೈವ್ ಬರುವ ಮೊದಲು ಕಂಪ್ಯೂಟರಿನ ಸರಕು ತುಂಬಿಡುತ್ತಿದ್ದ, ಅಂಗೈಯಗಲದ ಚೌಕನೆಯ ಪ್ಲಾಸ್ಟಿಕ್ ಬಿಲ್ಲೆ ಅದು. ಒಂದನ್ನು ಬಿಟ್ಟು ಮಿಕ್ಕೆಲ್ಲ ಫ್ಲಾಪಿಗಳ ಮೇಲೂ ಅರಿಶಿನ ಕುಂಕುಮ.

"ಇವಕ್ಕೂ ಪೂಜಿ ಮಾಡೀರೇನ್ರಿ?"

"ಮಾಡಲಾರದ ಬಿಡತೇವೇನ್ರಿ? ಹನ್ನೆರಡ ವರ್ಷ ಹೊಟ್ಟಿಗೆ ಹಾಕ್ಯಾವು. ಮಾನವಮಿಗೆ ಮಶೀನಿಗೆ ಹಚ್ಚಿದ ಮ್ಯಾಲ ಇವೇನ್ ಪಾಪ ಮಾಡ್ಯಾವು?"

ನಕ್ಕರು. ಒಂದನ್ನು ಎತ್ತಿಕೊಳ್ಳಲು ಕೈ ಚಾಚಿ, ನಡುವೆ ನಿಲ್ಲಿಸಿ, "ಮುಟ್ಟಲೇನ್ರಿ?" ಎಂದು ಕೇಳಿದರು. ಆ ಡಬ್ಬಿಯನ್ನು ಎಷ್ಟೋ ಜನ ಹಿಡಿದು ನೋಡಿದ್ದರು, ಮುಟ್ಟಲೇ ಎಂದು ಕೇಳಿದವರು ಇವರೊಬ್ಬರೇ. ಅದಕ್ಕೇ ಇರಬೇಕು, ನಾನು ಪೂರ್ತಿ ಕಥೆ ಹೇಳಿಬಿಟ್ಟೆ.

ನನ್ನ ಹಳೆಯ ಎಂಬ್ರಾಯಿಡರಿ ಮಶೀನು ಪರದೇಶದ್ದು, ಬೇರೆಯವರು ಬಳಸಿ ಬಿಟ್ಟದ್ದು. ಅದರ ಜೊತೆ ಗುಂಡಿಗಳಿದ್ದ ಒಂದು ಪೆಟ್ಟಿಗೆ ಬಂದಿತ್ತು. ಒಂದೊಂದೇ ಹೊಲಿಗೆಯನ್ನು ಆ ಪೆಟ್ಟಿಗೆಯಲ್ಲಿ ಒತ್ತಿ ಚಿತ್ತಾರ ಕೂಡಿಸಿದರೆ ಅದು ಫ್ಲಾಪಿಗೆ ಇಳಿಯುತ್ತಿತ್ತು, ಫ್ಲಾಪಿಯನ್ನು ಮಶೀನಿಗೆ ಕೊಟ್ಟರೆ ಬಟ್ಟೆಯ ಮೇಲೆ ಏಳುತ್ತಿತ್ತು. ಒತ್ತುವುದು ನಾನಾದರೂ ಚಿತ್ತಾರ ನನ್ನದಲ್ಲ, ನಮ್ಮ ಅತ್ತೆಯದು. ತಾವರಗೇರಾದ ಹೆಣ್ಣುಮಗಳು, ಕಸೂತಿಯಲ್ಲಿ ಕೈ ಪಳಗಿದವರು. ಕಣ್ಣು ಮಂದವಾದ ಮೇಲೂ ಬಟ್ಟೆಯ ಎಳೆಯನ್ನು ಬೆರಳಲ್ಲೇ ಎಣಿಸುತ್ತ, "ಮೂರು ಎಳಿ ಬಿಡು, ಒಂದು ಎತ್ತು, ಎಡಕ್ಕ ಹೊಳ್ಳು" ಎಂದು ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಬರೆದುಕೊಳ್ಳಲು ಪೆನ್ನು ತೆಗೆದರೆ ಬೈಗುಳ. "ಕೈಲೆ ಹಿಡೀಬೇಕು, ಕಾಗದದಾಗ ಅಲ್ಲ" ಎನ್ನುತ್ತಿದ್ದರು. ಹನ್ನೆರಡು ವರ್ಷಕ್ಕೆ ನಲವತ್ತಮೂರು ಫ್ಲಾಪಿ ತುಂಬಿದವು.

ಕಡೆಯದು ಬೇರೆ. ಅತ್ತೆ ಹಾಸಿಗೆ ಹಿಡಿದಾಗ ಒಂದು ಚಿತ್ತಾರ ಹೇಳಿದರು. ಜೋಳದ ತೆನೆ, ಅದರ ಮೇಲೆ ಕುಂತ ಗುಬ್ಬಿ. ಅವರ ಅಜ್ಜಿಯಿಂದ ಬಂದದ್ದು, ಯಾರಿಗೂ ಹೇಳದೆ ಇಟ್ಟುಕೊಂಡದ್ದು. ನಾಲ್ಕು ದಿನ ಬಿಟ್ಟು ಬಿಟ್ಟು ಹೇಳಿದರು, ಐದನೆಯ ದಿನ ಹೋದರು. ತಲೆಯಲ್ಲಿದ್ದ ಎಳೆಯ ಎಣಿಕೆ ಎಲ್ಲಿ ಕಲಸಿಹೋಗುತ್ತದೋ ಎಂದು ಹೆದರಿ ಮೂರನೆಯ ದಿನಕ್ಕೇ, ಸೂತಕದಲ್ಲೇ, ಬಳಗದವರ ಬೈಗುಳ ತಿಂದುಕೊಂಡು ಪೆಟ್ಟಿಗೆಯ ಮುಂದೆ ಕುಂತು ಅದನ್ನು ಹೊಸ ಫ್ಲಾಪಿಗೆ ಇಳಿಸಿದೆ. ಹತ್ತು ದಿನಕ್ಕೆ ಕರೆಂಟು ಒಮ್ಮೆಲೇ ಏರಿ ಬಂದು ಮಶೀನು, ಪೆಟ್ಟಿಗೆ ಎರಡೂ ಸುಟ್ಟವು. ಆ ಗುಬ್ಬಿಯನ್ನು ನಾನು ಒಂದು ಸಲವೂ ಬಟ್ಟೆಯ ಮೇಲೆ ನೋಡಲಿಲ್ಲ. ಆಮೇಲೆ ಕೈಯಿಂದ ಹೊಲಿಯಲು ಎರಡು ಸಲ ಕುಂತೆ, ಎರಡು ಸಲವೂ ರೆಕ್ಕೆಯ ಹತ್ತಿರ ಎಣಿಕೆ ತಪ್ಪಿತು.

ಹೊಸ ಮಶೀನಿಗೆ ಪೆನ್‌ಡ್ರೈವ್. ಹಳೆಯ ಮಶೀನಿನ ಕಂಪನಿಯವರು ಅದನ್ನು ಮರೆತೇಬಿಟ್ಟಿದ್ದರು. ಫ್ಲಾಪಿಯನ್ನು ಕಂಪ್ಯೂಟರ್ ಅಂಗಡಿಗೆ ಒಯ್ದರೆ, "ಇದು ಖಾಲಿ ಐತ್ರಿ, ಫಾರ್ಮ್ಯಾಟ್ ಮಾಡಲೇನ್ರಿ?" ಎಂದು ಒಬ್ಬ ಹುಡುಗ ಗುಂಡಿ ಒತ್ತಲು ಹೊರಟಿದ್ದ. ಒತ್ತಿದ್ದರೆ ಅತ್ತೆಯ ಗುಬ್ಬಿ ಅಲ್ಲೇ ಅಳಿಸಿಹೋಗುತ್ತಿತ್ತು. ಅವನ ಕೈ ಹಿಡಿದು ಎಳೆದೆ.

ಇದನ್ನೆಲ್ಲ ಕೇಳಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಇದು: ಪ್ರತಿ ಫ್ಲಾಪಿಯ ಮೂಲೆಯಲ್ಲೂ ಒಂದು ಸಣ್ಣ ಚಿಲಕವಿರುತ್ತದೆ, ಅದನ್ನು ಉಗುರಿನಿಂದ ಸರಿಸುತ್ತ ಹೋದರು. ನಲವತ್ತಮೂರನ್ನೂ ಸರಿಸಿದರು. "ಇನ್ನ ಯಾರೂ ಇದರ ಮ್ಯಾಲ ಬರಿಯಾಕ ಬರೂದಿಲ್ಲ. ಓದಾಕಷ್ಟ ಬರತೈತಿ. ಮೊದಲ ಓದೂಣ್ರಿ" ಎಂದರು. ಹನ್ನೆರಡು ವರ್ಷ ಫ್ಲಾಪಿ ಬಳಸಿದ ನನಗೆ ಆ ಚಿಲಕ ಯಾಕಿದೆ ಎಂಬುದೇ ಗೊತ್ತಿರಲಿಲ್ಲ.

"ಆಗತೈತೇನ್ರಿ?" ಎಂದೆ.

"ಇನ್ನ ಆಗಿಲ್ರಿ" ಎಂದರು. ಅದು ಅವರ ಮಾತು. ಆಗಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಯಾವತ್ತೂ ಕೇಳಲಿಲ್ಲ.

ಗಂಗಾವತಿಯ ಗುಜರಿ ಅಂಗಡಿಯೊಂದರಲ್ಲಿ ಫ್ಲಾಪಿ ಹಾಕುವ ಹಳೆಯ ಕಂಪ್ಯೂಟರು ಎರಡು ಹುಡುಕಿ, ಒಂದನ್ನು ತಮ್ಮ ಮನೆಗೆ, ಇನ್ನೊಂದನ್ನು ನನ್ನ ಅಂಗಡಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಊಟದ ಡಬ್ಬಿಯಲ್ಲಿ ಹತ್ತಿಬಟ್ಟೆ ಹಾಸಿ ಒಂದು ವಾರಕ್ಕೆ ಐದೇ ಫ್ಲಾಪಿ ಒಯ್ಯುತ್ತಿದ್ದರು. "ಎಲ್ಲಾ ಒಮ್ಮೆ ಒಯ್ರಿ" ಎಂದರೆ, "ಬಸ್ಸು ಬಿದ್ರ?" ಎನ್ನುತ್ತಿದ್ದರು. ನಾನು ಒಂದೇಟಿಗೆ ಮೂರು ಕೆಲಸ ಮಾಡುವವಳು. ಅವರ ನಿಧಾನ ನೋಡಿ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಮ್ಮ ಮನೆಯವರಂತೂ, "ಆ ಮನಷ್ಯಾ ಬರೂದ್ರಾಗ ನಮ್ಮವ್ವ ಮತ್ತೊಮ್ಮೆ ಹುಟ್ಟಿ ಬಂದಿರತಾಳ" ಎಂದು ನಗುತ್ತಿದ್ದರು.

ಏನು ಮಾಡುತ್ತಿದ್ದೀರಿ ಎಂದು ಒಮ್ಮೆ ಕೇಳಿದೆ. ಅವರು ಸುತ್ತ ನೋಡಿ, "ನಿಮ್ಮ ಅಡಿಗಿಮನ್ಯಾಗ ಸಾಸಿವಿ ಎಲ್ಲಿ ಐತಿ?" ಎಂದರು.

"ಚಾಪುಡಿ ಡಬ್ಬ್ಯಾಗ."

"ಚಾಪುಡಿ?"

"ಹಾರ್ಲಿಕ್ಸ್ ಬಾಟ್ಲ್ಯಾಗ."

"ನೋಡ್ರಿ, ನಿಮಗ ಗೊತ್ತೈತಿ. ಬ್ಯಾರೇದವರು ಬಂದ್ರ ಒಗ್ಗರಣಿಗೆ ಚಾಪುಡಿ ಹಾಕತಾರ. ಫ್ಲಾಪ್ಯಾಗ ಯಾವ ಸಾಮಾನು ಎಲ್ಲಿ ಐತಿ ಅನ್ನೂದಕ್ಕೂ ಹಿಂಗ ಒಂದು ಪದ್ಧತಿ ಇರತೈತಿ. ಅದಕ್ಕ ಫೈಲ್ ಸಿಸ್ಟಮ್ ಅಂತಾರ. ನಿಮ್ಮ ಮಶೀನಿಂದು ಅದರದ ಪದ್ಧತಿ. ಕಂಪ್ಯೂಟರಿಗೆ ಆ ಅಡಿಗಿಮನಿ ಗೊತ್ತಿಲ್ಲ, ಅದಕ್ಕ ಖಾಲಿ ಅನ್ನಾಕತ್ತೈತಿ. ನಾ ಅದಕ್ಕ ಕಲಿಸಾಕತ್ತೀನಿ."

ಅವರು ಬಳಸುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಯಾರೊಬ್ಬರ ಸ್ವತ್ತೂ ಅಲ್ಲವಂತೆ. ಲೋಕದ ನಾನಾ ಕಡೆಯ ಜನ ಸೇರಿ ಬರೆದು, ಒಳಗೇನಿದೆ ಎಂಬುದನ್ನು ಎಲ್ಲರಿಗೂ ತೆರೆದಿಟ್ಟು, ಬಿಟ್ಟಿಯಾಗಿ ಕೊಟ್ಟದ್ದು. ನನ್ನ ಫ್ಲಾಪಿಯ ಪದ್ಧತಿಯನ್ನು ಅದರೊಳಗೇ ಸೇರಿಸಬೇಕೆಂದು ಅವರ ಹಟ. "ನಂದೊಂದ ಕಂಪ್ಯೂಟರಿನಾಗ ತೆರದ್ರ ಏನ್ ಬಂತ್ರಿ? ನಾ ಇಲ್ಲಂದ್ರ ಯಾರ್ ತೆಗೀತಾರ? ಅದರೊಳಗ ಸೇರಿತಂದ್ರ ಎಲ್ಲಾರ ಮನ್ಯಾಗೂ ತೆಗೀತೈತಿ" ಎನ್ನುತ್ತಿದ್ದರು.

ನನ್ನ ಹತ್ತಿರ ಒಂದು ಪಟ್ಟಿ ಪುಸ್ತಕವಿತ್ತು. ಯಾವ ಫ್ಲಾಪಿಯಲ್ಲಿ ಎಷ್ಟನೆಯ ನಂಬರಿಗೆ ಯಾವ ಚಿತ್ತಾರ, ಎಷ್ಟು ಹೊಲಿಗೆ ಎಂದು ಬರೆದಿಟ್ಟಿದ್ದೆ. ಫ್ಲಾಪಿಯಿಂದ ಬಂದ ಅಂಕಿಗಳ ರಾಶಿಯನ್ನು ಮುಂದಿಟ್ಟುಕೊಂಡು ಅವರು ಆ ಪುಸ್ತಕದ ಜೊತೆ ತಾಳೆ ನೋಡುತ್ತಿದ್ದರು. ಒಂದು ಗುರುವಾರ ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡುವುದನ್ನೂ ಮರೆತು, "ತುಳಸಿಕಟ್ಟಿ ಬಂತ್ರಿ!" ಎಂದು ಕೂಗಿದರು. ಪರದೆಯ ಮೇಲೆ ನೋಡಿದೆ. ಅತ್ತೆಯ ತುಳಸಿಕಟ್ಟೆ, ಎಳೆ ಎಳೆಯೂ ಹಾಗೇ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ ಅತ್ತೆ, ಅತ್ತೆ ಎಂದು ಅತ್ತುಬಿಟ್ಟೆ. ಅಣ್ಣಾರಿಗೆ ಆಗ ಚಪ್ಪಲಿ ನೆನಪಾಯಿತು, ಹೊರಗೆ ಹೋಗಿ ಬಿಟ್ಟುಬಂದರು.

ನಲವತ್ತು ಫ್ಲಾಪಿ ತೆರೆದವು. ಎರಡರೊಳಗೆ ಕುಂಕುಮ ಇಳಿದು ಗೀರಿತ್ತು, ಅವು ನನ್ನ ಭಕ್ತಿಯ ಫಲ. ಉಳಿದದ್ದು ಒಂದು, ಗುಬ್ಬಿಯದು. ಅದರ ಮೇಲೆ ಒಂದು ಗಾಯವಿಲ್ಲ, ಕಲೆಯಿಲ್ಲ. ಸೂತಕದಲ್ಲಿ ತುಂಬಿದ್ದಾದ್ದರಿಂದ ಕುಂಕುಮ ಕೂಡ ಹಚ್ಚಿರಲಿಲ್ಲ. ಆದರೂ ತೆರೆಯಲಿಲ್ಲ.

"ಛಲೋ ಐತ್ರಿ, ಆದ್ರ ಬಾಯಿ ಬಿಡವಲ್ದು" ಎಂದರು.

ನಾನು ಆಡಬಾರದ ಮಾತು ಆಡಿದೆ. "ಬ್ಯಾಡಾದ ನಲವತ್ತು ತಗೊಂಡು ಏನ್ ಮಾಡ್ಲಿ? ನನಗ ಬೇಕಾಗಿದ್ದದ್ದು ಅದೊಂದ. ವರ್ಷಗಟ್ಲೆ ಡಬ್ಬ್ಯಾಗ ಹಾಕ್ಕೊಂಡು ತಿರಗ್ಯಾಡಿ ಕೆಡಿಸಿಟ್ರಿ."

ಅರ್ಧ ಕಪ್ಪು ಚಹಾ ತರಿಸಿದ್ದೆ, ಅವರು ಅದನ್ನು ಮುಟ್ಟಲಿಲ್ಲ. "ಇನ್ನ ಆಗಿಲ್ರಿ ಅಕ್ಕಾರ" ಎಂದು ಚಪ್ಪಲಿ ಮೆಟ್ಟಿ ಹೋದರು. ಮುಂದಿನ ಗುರುವಾರ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಅಂಗಡಿಯ ಬಾಗಿಲ ಕಡೆ ನೋಡಿ ನೋಡಿ ನನಗೆ ನನ್ನ ನಾಲಿಗೆಯ ಮೇಲೇ ಅಸಹ್ಯ ಬಂತು. ಫೋನು ಮಾಡಲು ಸೊಕ್ಕು ಬಿಡಲಿಲ್ಲ.

ಬಂದದ್ದು ಒಂದು ಸೋಮವಾರ ಮಧ್ಯಾಹ್ನ, ಪಾಳಿ ಮುಗಿಸಿ ನೆಟ್ಟಗೆ. ಬಿಳಿ ಅಂಗಿಯ ತುಂಬ ಕಪ್ಪು. ಕೈಯಲ್ಲಿ ಒಂದು ಹಾಳೆ. ಮುಖ ನೋಡಿದರೆ ತಪ್ಪು ಲೆಕ್ಕ ಕಲಿಸಿ ಸಾಲಿ ಹುಡುಗರ ಮುಂದೆ ನಿಂತ ಮಾಸ್ತರರಂತೆ.

ತಾವು ಬರೆದದ್ದನ್ನು ಅವರು ಆ ಸಿಸ್ಟಮ್ ನೋಡಿಕೊಳ್ಳುವವರಿಗೆ ಕಳಿಸಿದ್ದರು. ಅಲ್ಲಿ ಪರೀಕ್ಷೆ ಮಾಡುವವರಲ್ಲಿ ಒಬ್ಬರು ದೂರದ ಚಳಿ ದೇಶದ ಹೆಂಗಸು. ಇವರು ಅವರನ್ನು, ಸಾಲಿ ಕಲಿಸುವ ಟೀಚರಮ್ಮನನ್ನು ಕರೆಯುವಂತೆ, 'ಬಾಯಾರು' ಎನ್ನುತ್ತಿದ್ದರು. ಅದಾಗಲೇ ಆ ಬಾಯಾರು ನಾಲ್ಕು ಸಲ ತಿರುಗಿ ಕಳಿಸಿದ್ದರು, ಇಲ್ಲಿ ಜಾಗ ಬಿಡಿ, ಅಲ್ಲಿ ವಿವರ ಬರೆಯಿರಿ ಎಂದು. ಬಿಟ್ಟಿ ಕೆಲಸಕ್ಕೆ ಇಷ್ಟು ನಖರಾ ಯಾಕೆ ಎಂದು ನಾನು ಸಿಡಿಮಿಡಿಗೊಂಡರೆ, "ಎಲ್ಲಾರೂ ಇರೂ ಮನೀರಿ ಅದು. ನಾ ಇಡೂ ಇಟ್ಟಂಗಿ ನೋಡೂದ ಬ್ಯಾಡೇನು?" ಎಂದು ಅವರ ಪರವೇ ವಹಿಸುತ್ತಿದ್ದರು. ಆ ಬಾಯಾರ ಹತ್ತಿರವೂ ಇದೇ ಜಾತಿಯ ಮಶೀನಿನ ಫ್ಲಾಪಿಗಳಿದ್ದವಂತೆ. ಐದನೆಯ ಸಲ ಬರೆದ ಪತ್ರವೇ ಈ ಹಾಳೆ.

"ಅವರ ಒಂದ ಫ್ಲಾಪೀನೂ ನನ್ನ ಪ್ರೋಗ್ರಾಮಿನಾಗ ತೆಗೀವಲ್ದಂತ್ರಿ. ಪ್ರತಿ ಫ್ಲಾಪ್ಯಾಗೂ ಒಂದನೇ ನಂಬರಿನಾಗ ಮುನ್ನೂರಾ ಹನ್ನೆರಡು ಹೊಲಿಗೀದ ಒಂದು ಫೈಲ್ ಇರಾಕ ಬೇಕು ಅಂತ ಯಾಕ ಬರದೀರಿ ಅಂತ ಕೇಳ್ಯಾರ. ಅದು ಕಂಪನಿ ಮುದ್ರಿ ಅಲ್ಲೇನ್ರಿ? ಮಶೀನ ತಾನ ಹಾಕತಿತ್ತಲ್ರಿ? ನಿಮ್ಮ ಪುಸ್ತಕದಾಗೂ ಎಲ್ಲಾ ಎರಡನೇ ನಂಬರಿನಿಂದ ಶುರು ಆಗತಾವು."

ನಾನು ಎದ್ದು ಅಂಗಡಿಯ ಕಂಪ್ಯೂಟರು ಹಚ್ಚಿದೆ.

"ಆ ಒಂದನೇದು ಪರದೆ ಮ್ಯಾಲ ತೋರಸ್ರಿ" ಎಂದೆ.

ಮುದ್ರೆಯಲ್ಲಿ ನೋಡುವುದೇನಿದೆ ಎಂದು ಅವರು ಅದನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಬಿಡಿಸಿದರು. ಪರದೆಯ ಮೇಲೆ ಕೆಂಪು ದಾರದಲ್ಲಿ ಒಂದು ಸಣ್ಣ ಶ್ರೀ.

"ಅಣ್ಣಾರ, ಅದು ಶ್ರೀ! ನಾ ಹಾಕಿದ್ದು! ಹೊಸಾ ಫ್ಲಾಪಿ ಮ್ಯಾಲ ಶ್ರೀ ಹಾಕಲಾರದ ಯಾರರೆ ಶುರು ಮಾಡತಾರೇನ್ರಿ?"

ಹೊಸ ಪುಸ್ತಕ ತೆಗೆದರೆ ಮೊದಲ ಹಾಳೆಯ ನೆತ್ತಿಯ ಮೇಲೆ ಶ್ರೀ ಬರೆಯುವ ಮಂದಿ ನಾವು. ಫ್ಲಾಪಿಗೂ ಮೊದಲು ಒಂದು ಶ್ರೀ ಕೂಡಿಸಿ ಆಮೇಲೆ ಮಿಕ್ಕಿದ್ದು. ಪಟ್ಟಿಯಲ್ಲಿ ಬರೆದಿರಲಿಲ್ಲ, ಯಾಕೆಂದರೆ ಶ್ರೀಯನ್ನು ಚಿತ್ತಾರ ಎಂದು ಯಾರು ಎಣಿಸುತ್ತಾರೆ? ಯಲಬುರ್ಗಾ ಕಡೆಯ ಊರಿನಲ್ಲಿ ಹುಟ್ಟಿ, ತಮ್ಮ ನೋಟುಬುಕ್ಕಿನ ನೆತ್ತಿಯ ಮೇಲೂ ಶ್ರೀ ಬರೆಯುತ್ತಿದ್ದ ಈ ಪುಣ್ಯಾತ್ಮರು ಅದನ್ನು ಕಂಪನಿಯ ಮುದ್ರೆ ಎಂದು ತಿಳಿದು, ಶ್ರೀ ಇಲ್ಲದ ಫ್ಲಾಪಿಯನ್ನು ತೆರೆಯಲೇಬೇಡ ಎಂದು ಲೋಕದ ಕಂಪ್ಯೂಟರುಗಳಿಗೆಲ್ಲ ಕಟ್ಟಪ್ಪಣೆ ಬರೆದು ಕಳಿಸಿಬಿಟ್ಟಿದ್ದರು! ನನಗೆ ನಗು ತಡೆಯಲಾಗಲಿಲ್ಲ, ಟೇಬಲ್ಲಿನ ಮೇಲೆ ತಲೆಯಿಟ್ಟು ನಕ್ಕೆ. ಅವರ ಕಿವಿ ಕೆಂಪಾಗಿತ್ತು. "ಆ ಬಾಯಾರಿಗೆ ಏನಂತ ಹೇಳ್ಲಿ ಮಾರಾಯ್ತಿ" ಎಂದರು. ಅಕ್ಕಾರ ಬಿಟ್ಟು ಮಾರಾಯ್ತಿ ಅಂದದ್ದು ಅದೊಂದೇ ಸಲ.

ನಗು ನಡುವೆ ಒಮ್ಮೆಲೇ ನಿಂತಿತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಗುಬ್ಬಿ ಫ್ಲಾಪಿ..." ಎಂದರು.

"ಸೂತಕ ಇತ್ತಲ್ರಿ. ಶ್ರೀ ಹಾಕಿಲ್ಲ" ಎಂದೆ.

ಪುಸ್ತಕ ತೆಗೆದು ನೋಡಿದೆವು. ನಲವತ್ತಮೂರನೆಯ ಫ್ಲಾಪಿಯ ಪಟ್ಟಿ ಒಂದನೇ ನಂಬರಿನಿಂದಲೇ ಶುರುವಾಗಿತ್ತು. "ನೋಡಿದ್ದೆ ನಾ. ದುಃಖದಾಗ ನಂಬರ್ ತಪ್ಪಿ ಬರದೀರಿ ಅಂತ ತಿಳಕೊಂಡೆ" ಎಂದು ಹಣೆ ಚಚ್ಚಿಕೊಂಡರು. ಅಲ್ಲೇ ಕುಂತು, ಕಪ್ಪು ಬೆರಳುಗಳಿಂದ ನಾಲ್ಕೈದು ಸಾಲು ಅಳಿಸಿದರು. ಫ್ಲಾಪಿ ಹಾಕಿದರು. ಕಂಪ್ಯೂಟರು ಸ್ವಲ್ಪ ಹೊತ್ತು ಗೊರಗೊರ ಎಂದಿತು. ಆಮೇಲೆ ಪರದೆಯ ಮೇಲೆ ಕೆಳಗಿನಿಂದ ದಂಟು, ದಂಟಿನ ಮೇಲೆ ತೆನೆ, ತೆನೆಯ ಮೇಲೆ ಗುಬ್ಬಿ. ರೆಕ್ಕೆಯ ಹತ್ತಿರ ನಾನು ತಪ್ಪುತ್ತಿದ್ದ ಜಾಗದಲ್ಲಿ ಅತ್ತೆ ಎರಡು ಎಳೆ ಬಿಡಲು ಹೇಳಿದ್ದರು. ನಾನು ಮೂರು ಬಿಡುತ್ತಿದ್ದೆ.

"ಅವತ್ತು ಅಂದಿದ್ದು ತಪ್ಪಾತ್ರಿ ಅಣ್ಣಾರ" ಎಂದೆ.

ಅವರು ಎಡಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಏನಂದ್ರೀ? ಕೇಳಲಿಲ್ಲ" ಎಂದರು. ಚಹಾ ತರಿಸಿದೆ. ಪೂರ್ತಿ ಕಪ್ಪು ಕುಡಿದರು.

ಆರನೆಯ ಸಲಕ್ಕೆ ಆ ಬಾಯಾರು ಒಪ್ಪಿದರು. ಈಗ ಆ ಸಿಸ್ಟಮಿನೊಳಗೆ ನನ್ನ ಹಳೆಯ ಮಶೀನಿನ ಪದ್ಧತಿ ಸೇರಿದೆ, ಅದರ ತಲೆಯ ಮೇಲೆ ಅವರ ಹೆಸರಿದೆ. ನಾನು ಹೇಳಿದ ಜಾಗ ಅದೇ. ಹೆಸರಿನ ಕೆಳಗೆ ಅವರು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದಾರೆ. ನನಗೆ ಓದಿ ಹೇಳಿದ್ದು ಹೀಗೆ: ಕೆಲವು ಊರುಗಳಲ್ಲಿ ಮೊದಲು ಒಂದು ಮಂಗಳದ ಗುರುತು ಹಾಕುವ ರೂಢಿಯಿದೆ. ಅದು ಇಲ್ಲದಿದ್ದರೂ ತೆರೆಯಬೇಕು.

ಓದುವುದಷ್ಟೇ ಅಲ್ಲ, ಫ್ಲಾಪಿಗೆ ಬರೆಯುವುದನ್ನೂ ಅದಕ್ಕೆ ಕಲಿಸಿರಿ, ಹೊಸ ಚಿತ್ತಾರ ಅದರಲ್ಲೇ ತುಂಬಬಹುದು ಎಂದು ಎಷ್ಟೋ ಸಲ ಹೇಳಿದೆ. "ಅದು ನಿಮ್ಮತ್ತಿಯವರ ಫ್ಲಾಪಿರಿ. ಓದೂದಷ್ಟ ಸಾಕು" ಎಂದು ಅವರು ಒಪ್ಪಲೇ ಇಲ್ಲ. ಮೊದಲ ಗುಬ್ಬಿಯನ್ನು ಒಂದು ಕುಪ್ಪಸದ ಕಣದ ಮೇಲೆ ಹೊಲಿದು ಅವರ ಹೆಂಡತಿಗೆ ಕಳಿಸಿದೆ. ಕುಂಕುಮದಿಂದ ಕೆಟ್ಟ ಎರಡು ಫ್ಲಾಪಿಗಳು ಅವರ ಡಬ್ಬಿಯಲ್ಲೇ ಉಳಿದವು. ಈ ವರ್ಷ ನಿವೃತ್ತರಾದರು, ಇನ್ನು ಪುರಸೊತ್ತಾಗಿ ಅವನ್ನು ನೋಡುತ್ತೇನೆ ಎಂದಿದ್ದರು. ಎದೆನೋವು ಅಂದ ದಿನವೇ ಹೋದರು.

ಕೊಪ್ಪಳಕ್ಕೆ ಹೋದಾಗ ಮಣ್ಣು ಮುಗಿದಿತ್ತು. ಅಂಗಳದಲ್ಲಿ ತೊಳೆದು ಹಾಕಿದ ಬಿಳಿ ಅಂಗಿ ಇನ್ನೂ ತಂತಿಯ ಮೇಲಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದು ತುಂಬ ಹೊತ್ತು ಅತ್ತರು. ಹೊರಡುವಾಗ ಒಳಗೆ ಹೋಗಿ ಊಟದ ಡಬ್ಬಿ ತಂದುಕೊಟ್ಟರು. "ನಿಮ್ಮದಂತ. ಯಾರಿಗೂ ಮುಟ್ಟಗೊಡತಿದ್ದಿಲ್ರಿ" ಎಂದರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತೆರೆದೆ. ಹತ್ತಿಬಟ್ಟೆಯ ಮೇಲೆ ಎರಡು ಫ್ಲಾಪಿ, ಎರಡರ ಚಿಲಕವೂ ಸರಿಸಿದ್ದು. ನಡುವೆ ಒಂದು ಚೀಟಿ, ಅವರ ಅಕ್ಷರ: 'ಇನ್ನ ಆಗಿಲ್ಲ.'

ಮರುದಿನ ಅಂಗಡಿಯಲ್ಲಿ ಮದುವೆಯ ಸೀರೆ ಕಾಯುತ್ತಿತ್ತು. ಹೊಸ ಪೆನ್‌ಡ್ರೈವ್ ತೆಗೆದೆ. ಪೆನ್‌ಡ್ರೈವ್ ಬಂದ ಮೇಲೂ ಮೊದಲು ಶ್ರೀಯೇ ಹಾಕುವವಳು, ಕೈ ತಾನೇ ಅದಕ್ಕೆ ಹೋಯಿತು. ಹಿಂದಕ್ಕೆ ತೆಗೆದೆ. ನೆಟ್ಟಗೆ ಸೀರೆಯ ಅಂಚನ್ನೇ ಒಂದನೇ ನಂಬರಿಗೆ ಇಳಿಸಿದೆ.

ನಮ್ಮ ಮನೆಯವರು ಹಿಂದೆಯೇ ನಿಂತು ನೋಡುತ್ತಿದ್ದರು. "ಶ್ರೀ ಹಾಕಲಿಲ್ಲಲ್ಲ? ನಮಗೇನ್ ಸೂತಕ ಐತಿ? ಅವರೇನ್ ನಮ್ಮ ಬಳಗಾ?"

"ಹೂಂ" ಎಂದೆ.

ಪೆನ್‌ಡ್ರೈವನ್ನು ಮಶೀನಿಗೆ ಹಾಕಿದೆ. ತೆರೆಯಿತು.